ಭಾವನ ಕಿವಿ ಮತ್ತು ಹಿಂದಿನ ಫ್ಯಾನು

ನಮ್ಮ ಭಾವನಿಗೆ ಬೀದಿಯವರು ಇಟ್ಟ ಹೆಸರು ‘ಕಿವಿ’. ಬೈಗುಳವಲ್ಲ, ಹೊಗಳಿಕೆ. ಅಕ್ಕನ ಮನೆಯ ಮುಂದಿನ ಕೋಣೆಯಲ್ಲೇ ಅವರದು ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿ. ಕಂಪ್ಯೂಟರ್ ಮಾರುವವರಿಗೆ ಎಲ್ಲೂ ಬರವಿಲ್ಲ. ಆದರೆ ಆನ್ ಮಾಡಿದ ಮೇಲೂ ಆನ್ ಆಗಿದೆಯೋ ಇಲ್ಲವೋ ಎಂದು ಅನುಮಾನ ಬರುವಂಥದ್ದು ಬೇಕಿದ್ದರೆ ಭಾವನ ಬಾಗಿಲಿಗೇ ಬರಬೇಕಿತ್ತು. ಹಾಡು ಧ್ವನಿಮುದ್ರಿಸುವವರು ಬರುತ್ತಿದ್ದರು, ಮಲಗುವ ಕೋಣೆಯನ್ನೇ ಕಚೇರಿ ಮಾಡಿಕೊಂಡವರು ಬರುತ್ತಿದ್ದರು. ಗಂಡನ ಗೊರಕೆಯೇ ಸಾಕಾಗಿದೆ, ಇನ್ನು ಇದರದ್ದೂ ಯಾಕೆ ಎನ್ನುತ್ತಾ ಒಬ್ಬಾಕೆ ಬಂದಿದ್ದನ್ನು ನಾನೇ ನೋಡಿದ್ದೇನೆ. ಪಕ್ಕದಲ್ಲೇ ನನ್ನ ಜೆರಾಕ್ಸ್ ಅಂಗಡಿ. ನನ್ನ ಯಂತ್ರದ ಗಡಗಡ ಕೇಳಿದಾಗಲೆಲ್ಲ ಭಾವ ನನ್ನನ್ನು ಕಟುಕನನ್ನು ನೋಡುವ ಹಾಗೆ ನೋಡುತ್ತಿದ್ದರು.

ಅವರ ವಿದ್ಯೆ ಇಷ್ಟು. ಕಂಪ್ಯೂಟರಿನ ಮಿದುಳು ಎನ್ನುವ ಪ್ರೊಸೆಸರ್ ಕೆಲಸ ಮಾಡಿದಷ್ಟೂ ಬಿಸಿಯಾಗುತ್ತದೆ. ಅದರ ತಲೆಯ ಮೇಲೆ ತೆಳ್ಳನೆಯ ತಗಡುಗಳನ್ನು ಒತ್ತೊತ್ತಾಗಿ ಜೋಡಿಸಿದ ಕೂಲರ್ ಕೂರುತ್ತದೆ. ಆ ತಗಡುಗಳ ಸಂದಿಯಲ್ಲಿ ಗಾಳಿ ಹಾಯಿಸುವುದು ಫ್ಯಾನಿನ ಕೆಲಸ, ಗಲಾಟೆಯೆಲ್ಲ ಅದರದ್ದೇ. ಒಂದೇ ಫ್ಯಾನು ಎದ್ದೆನೋ ಬಿದ್ದೆನೋ ಎಂದು ಓಡುವುದಕ್ಕಿಂತ ಎರಡು ಫ್ಯಾನು ಸಾವಕಾಶ ತಿರುಗಲಿ ಎನ್ನುವುದು ಭಾವನ ಸಿದ್ಧಾಂತ. ಮುಂದಿನದು ಗಾಳಿ ತಳ್ಳಬೇಕು, ಹಿಂದಿನದು ಎಳೆಯಬೇಕು.

“ಕೆಲಸ ಹಂಚ್ಕೊಂಡ್ರೆ ಯಾರೂ ಕಿರುಚಾಡಲ್ಲ ನೋಡಿ” ಎಂದು ಗಿರಾಕಿಗಳಿಗೆ ಹೇಳುತ್ತಿದ್ದರು. ಉಂಡ ತಟ್ಟೆಯನ್ನು ಒಂದು ದಿನವೂ ಎತ್ತದ ಮನುಷ್ಯ. ಒಳಗಿನಿಂದ ಅಕ್ಕ, “ಸ್ವಲ್ಪ ಒಳಗೆ ಬಂದು ಅದನ್ನೇ ಇನ್ನೊಂದ್ಸಲ ಹೇಳಿ” ಎನ್ನುತ್ತಿದ್ದಳು.

ಫ್ಯಾನು ಆರಿಸಲು ಭಾವ ಸಗಟು ಅಂಗಡಿಗೆ ಹೊರಟರೆ ಅಲ್ಲಿಯ ಸಾಹುಕಾರನಿಗೆ ಎದೆ ಧಸಕ್ ಎನ್ನುತ್ತಿತ್ತು. ಸದ್ದು ಎಷ್ಟೆಂದು ಡಬ್ಬಿಯ ಮೇಲೆ ನಂಬರು ಇರುತ್ತದೆ, ನಿಜ. “ತನ್ನ ಹೊಗಳಿಕೆ ತಾನೇ ಬರ್ಕೊಂಡಿದೆ, ಅದನ್ನ ನಂಬ್ತಾರಾ?” ಎಂದು ಭಾವ ಡಬ್ಬಿಯನ್ನು ಮುಟ್ಟಿಯೂ ನೋಡುತ್ತಿರಲಿಲ್ಲ. ಒಂದೊಂದೇ ಫ್ಯಾನಿಗೆ ಕರೆಂಟು ಕೊಟ್ಟು, ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚುವರು. ಒಂದರ ಬೇರಿಂಗ್ ಗೊಣಗುತ್ತದೆ, ಒಂದರ ರೆಕ್ಕೆ ಸೀಳುತ್ತದೆ, ಇನ್ನೊಂದಕ್ಕೆ ಗೂರಲು. ಅಷ್ಟು ಹೊತ್ತು ಅಂಗಡಿಯಲ್ಲಿ ಯಾರೂ ಕೆಮ್ಮುವ ಹಾಗಿರಲಿಲ್ಲ.

ಜೋಡಿಸಿದ ಕಂಪ್ಯೂಟರಿನ ಸದ್ದು ಪರೀಕ್ಷಿಸುವ ದಿನವಂತೂ ಮನೆಯಲ್ಲಿ ಕೇಳುವುದೇ ಬೇಡ. ಫ್ರಿಜ್ ಬಂದ್, ಒಲೆ ಬಂದ್. ಗೋಡೆ ಗಡಿಯಾರವನ್ನು ಕಂಬಳಿಯಲ್ಲಿ ಸುತ್ತಿ ಬಚ್ಚಲಿಗೆ ಹಾಕಬೇಕು. ನನ್ನ ಜೆರಾಕ್ಸಿಗೂ ಬೀಗ. ಅಕ್ಕ ಬಳೆ ಸದ್ದಾಗದಂತೆ ಕೈಕಟ್ಟಿ ನಿಲ್ಲಬೇಕು. ಭಾವ ರಟ್ಟಿನ ಕೊಳವೆಯೊಂದನ್ನು ಕಿವಿಗಿಟ್ಟು ಕಂಪ್ಯೂಟರಿನ ಡಬ್ಬದ ಸುತ್ತ ಮೊಣಕಾಲೂರಿ ಹರಿದಾಡುವರು. ಅಕ್ಕ ಆ ಮನೆಗೆ ಬಂದಾಗಿನಿಂದ ಅತಿ ಹೆಚ್ಚು ಕೇಳಿದ ಮಾತು ಯಾವುದು ಎಂದರೆ, ‘ಶ್’.

“ಕಿವಿ ಹೋದ ದಿನ ಅಂಗಡಿ ಮುಚ್ಬಿಡ್ತೀನಿ” ಎಂದು ಎದೆ ತಟ್ಟಿ ಹೇಳುವುದೂ ಇತ್ತು. ಅಂಗಡಿ ಬಿಟ್ಟು ಅವರಿಗೆ ಇನ್ನೊಂದು ಕೆಲಸ ಬಾರದು, ಇನ್ನೊಂದು ಮಾತೂ ಬಾರದು. ಅದು ನಮಗೆಲ್ಲ ಗೊತ್ತಿದ್ದರಿಂದ ಆ ಮಾತು ತಮಾಷೆ ಎನಿಸುತ್ತಿರಲಿಲ್ಲ.

ಈಚೆಗೆ ಭಾವನಿಗೆ ಲೋಕದ ಮೇಲೆ ತುಂಬಾ ಸಮಾಧಾನ ಬಂದಿತ್ತು. “ಈಗಿನ ಫ್ಯಾನುಗಳು ಎಷ್ಟು ಚೆನ್ನಾಗಿ ಬರ್ತಿವೆ! ಮೊದಲೆಲ್ಲ ರಾಶಿ ಹುಡುಕಿದ್ರೂ ಒಂದು ಸಿಗ್ತಿರ್ಲಿಲ್ಲ. ಈಗ ಕೈಗೆ ಸಿಕ್ಕಿದ್ದೆಲ್ಲಾ ಚಿನ್ನ” ಎನ್ನುವರು. ಸಗಟು ಸಾಹುಕಾರನಿಗೆ ಹೋದ ಜೀವ ಬಂದಂತಾಗಿತ್ತು. ಸಂಜೆ ಜಗಲಿಯಲ್ಲಿ ಕೂತು, “ಈ ವರ್ಷ ಸೊಳ್ಳೆಯೂ ಕಡಿಮೆ ಅಲ್ವಾ?” ಎಂದು ಕೇಳುವರು. ನಾನೂ ಅಕ್ಕನೂ ಕಾಲು ಕೆರೆದುಕೊಳ್ಳುತ್ತಾ ಹೂಂ ಎನ್ನುತ್ತಿದ್ದೆವು. ಕರೆದರೆ ತಿರುಗುವುದಿಲ್ಲ ಎಂದು ಅಕ್ಕ ಮೊದಮೊದಲು ರೇಗುತ್ತಿದ್ದಳು. ಜಾಣ ಕಿವುಡು, ಗಂಡಸರಿಗೆಲ್ಲ ಇರುವುದೇ, ಎನ್ನುತ್ತಿದ್ದಳು. ಒಂದು ದಿನ ಅಕ್ಕ ಹೊರಗೆ ಹೋಗಿ ಬರುವಷ್ಟರಲ್ಲಿ ಕುಕ್ಕರು ಕೂಗಿ ಕೂಗಿ ಸೀದುಹೋಯಿತು. ಪಕ್ಕದಲ್ಲೇ ಕೂತಿದ್ದ ಭಾವ ತಲೆ ಎತ್ತಿರಲಿಲ್ಲ. ಅಂದಿನಿಂದ ಅಕ್ಕ ಜಾಣ ಕಿವುಡು ಎನ್ನುವುದನ್ನು ಬಿಟ್ಟಳು.

ನಾನು ಹೇಳೋಣವೆಂದೆ. “ಬಾಯಿ ಮುಚ್ಕೊಂಡಿರು. ಸಣ್ಣ ಕೀರಲು ಸದ್ದು ಕೇಳ್ಸಲ್ಲ ಅಷ್ಟೆ, ದಪ್ಪ ಸದ್ದೆಲ್ಲ ಕೇಳ್ಸುತ್ತಲ್ಲ. ಗೊತ್ತಾದ್ರೆ ಆ ಮನುಷ್ಯ ಗೋಡೆ ನೋಡ್ತಾ ಕೂತ್ಬಿಡ್ತಾರೆ” ಎಂದಳು ಅಕ್ಕ. ನನಗೂ ಅಷ್ಟೇ ಬೇಕಿತ್ತು, ಮುಚ್ಚಿಕೊಂಡೆ.

ಆಗ ಬಂದವರು ಓದುವ ಮೇಡಂ. ಕಣ್ಣು ಕಾಣದ ಮಕ್ಕಳಿಗಾಗಿ ಪಾಠಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಕೊಡುವುದು ಅವರ ಕೆಲಸ. ಭಾವ ಜೋಡಿಸಿಕೊಟ್ಟ ಕಂಪ್ಯೂಟರನ್ನು ಅವರು ಮಗುವಿನ ಹಾಗೆ ಅವುಚಿಕೊಂಡು ವಾಪಸು ತಂದಿದ್ದರು.

“ಇದು ಕೂಗ್ತಿದೆ. ಓದಿದ್ದನ್ನೆಲ್ಲ ಶಾಲೆಯವರು ಬೇಡ ಅಂತ ವಾಪಸ್ ಕಳ್ಸಿದ್ರು. ಇನ್ನೊಂದ್ಸಲ ಹೀಗಾದ್ರೆ ಬೇರೆಯವರ ಕೈಲಿ ಓದಿಸ್ತಾರಂತೆ.”

ತಮ್ಮ ಫೋನಿನಲ್ಲಿ ಧ್ವನಿಮುದ್ರಿಕೆ ಹಾಕಿ ಕೇಳಿಸಿದರು. ಇಂಪಾದ ಧ್ವನಿ, ಅದರ ಹಿಂದೆ ಉದ್ದಕ್ಕೂ ಸುಂಯ್ ಎಂದು ಸೂಜಿಯಂಥ ಒಂದು ಸಿಳ್ಳು. ಭಾವ ತಲೆದೂಗುತ್ತಾ ಕೇಳಿದರು.

“ಬಹಳ ಚೆನ್ನಾಗಿ ಓದ್ತೀರ” ಎಂದರು.

ಮೇಡಂ ಅಕ್ಕನ ಮುಖ ನೋಡಿದರು. ಅಕ್ಕ ನನ್ನ ಮುಖ ನೋಡಿದಳು. ನಾನು ಕ್ಯಾಲೆಂಡರು ನೋಡಿದೆ.

“ಪರೀಕ್ಷೆ ಮಾಡಿಯೇ ಬಿಡೋಣ” ಎಂದು ಭಾವ ಎದ್ದರು. ಫ್ರಿಜ್ ನಿಂತಿತು, ಒಲೆ ಆರಿತು, ಗಡಿಯಾರ ಬಚ್ಚಲಿಗೆ ಹೋಯಿತು. ಭಾವ ಕೊಳವೆ ಹಿಡಿದು ಡಬ್ಬವನ್ನೊಮ್ಮೆ ಸುತ್ತಿ ಬಂದು, “ಏನಿದೆ ಇಲ್ಲಿ? ಏನೂ ಇಲ್ಲ. ನಿಮ್ಮ ಮೈಕ್ ಕೆಟ್ಟಿರ್ಬೇಕು” ಎಂದು ನಕ್ಕರು. ಮೇಡಂ ಕಣ್ಣಲ್ಲಿ ನೀರು ಬಂತು. ಸೂಜಿ ನಮ್ಮೆಲ್ಲರ ಕಿವಿಗೂ ಚುಚ್ಚುತ್ತಿತ್ತು.

“ರೀ” ಎಂದಳು ಅಕ್ಕ.

“ಶ್!”

“ಶ್ ಅಲ್ಲ. ಸದ್ದು ಬರ್ತಿದೆ. ಹಿಂದಿನ ಫ್ಯಾನಿಂದ. ಸಿಳ್ಳೆ ಹೊಡೆದ ಹಾಗೆ.”

“ಕುಕ್ಕರ್ ಇರ್ಬೇಕು.”

“ಒಲೆ ಆರಿಸಿದ್ದೀನಿ. ನೀವೇ ಆರಿಸು ಅಂದ್ರಿ.”

ಭಾವನ ನಗು ಅರ್ಧಕ್ಕೆ ನಿಂತಿತು. ಸೋಲೊಪ್ಪುವ ಜಾತಿಯೇ ಅಲ್ಲ ಅವರು. “ಗೋಡೆ ಕಡೆ ತಿರುಗಿ ನಿಲ್ಲು” ಎಂದರು. ಅಕ್ಕ ತಿರುಗಿ ನಿಂತಳು. ಭಾವ ಬೆಕ್ಕಿನ ಹಾಗೆ ಕೈಚಾಚಿ ಹಿಂದಿನ ಫ್ಯಾನಿನ ತಂತಿ ಕಿತ್ತರು.

“ಹೋಯ್ತು” ಎಂದಳು ಅಕ್ಕ.

ಸಿಕ್ಕಿಸಿದರು.

“ಬಂತು.”

ಸಿಕ್ಕಿಸುವ ಹಾಗೆ ಮಾಡಿ ಸಿಕ್ಕಿಸದೆ ಬಿಟ್ಟರು. ಅಕ್ಕ ಸುಮ್ಮನಿದ್ದಳು. ಕಿತ್ತರು, ಸಿಕ್ಕಿಸಿದರು, ಮುಂದಿನದನ್ನು ನಿಲ್ಲಿಸಿ ಮೋಸ ಮಾಡಿ ನೋಡಿದರು. ಒಂದು ಸಲವಾದರೂ ಈಕೆ ತಪ್ಪು ಹೇಳಬಾರದೇ ಎಂದುಕೊಂಡೆ. ಅಕ್ಕ ಮನಸ್ಸು ಮಾಡಿದ್ದರೆ ಹೇಳಬಹುದಿತ್ತು. ಹೇಳಲಿಲ್ಲ. ಗೋಡೆಗೆ ಮುಖ ಮಾಡಿ, ಸೆರಗು ಹಿಂಡುತ್ತಾ, ಹೋಯ್ತು, ಬಂತು, ಹೋಯ್ತು ಎನ್ನುತ್ತಲೇ ಇದ್ದಳು.

ಭಾವ ನೆಲದ ಮೇಲೆ ಕೂತುಬಿಟ್ಟರು. “ಯಾವಾಗಿಂದ?” ಎಂದು ಕೇಳಿದರು.

“ಸೊಳ್ಳೆ ಕಡಿಮೆ ಆದಾಗಿಂದ” ಎಂದಳು ಅಕ್ಕ.

ಭಾವ ನನ್ನ ಕಾಲು ನೋಡಿದರು. ಕೆಂಪು ಗುಳ್ಳೆಗಳು ಸಾಲಾಗಿದ್ದವು. ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಬಂದಷ್ಟು ಪ್ರೀತಿ ಎಂದೂ ಬಂದಿರಲಿಲ್ಲ, ಪ್ಯಾಂಟು ಕೆಳಗೆ ಎಳೆದುಕೊಂಡೆ.

ಪಾಪ, ಮೇಡಂ ಪರಿಸ್ಥಿತಿ ತಿಳಿಯಾಗಲೆಂದು, “ಪರವಾಗಿಲ್ಲ, ಬೇರೆ ಯಾರಿಗಾದ್ರೂ ತೋರಿಸ್ತೀನಿ” ಎಂದರು. ಅದಕ್ಕಿಂತ ಕೆಟ್ಟ ಮಾತನ್ನು ಹುಡುಕಿದರೂ ಸಿಗುತ್ತಿರಲಿಲ್ಲ. ಭಾವ ಎದ್ದು ಕಂಪ್ಯೂಟರಿನ ಪ್ಲಗ್ ತೆಗೆದರು. ಮುಗಿಯಿತು, ಇನ್ನು ಅಂಗಡಿ ಬಾಗಿಲು ಎಳೆಯುತ್ತಾರೆ ಎಂದುಕೊಂಡೆ.

ಅಕ್ಕ ಹೋಗಿ ಪ್ಲಗ್ ಮತ್ತೆ ಹಾಕಿದಳು. “ಬಿಚ್ಚಿ ಆ ಹಿಂದಿನದನ್ನ. ನಾನು ಹೇಳ್ತೀನಿ, ನೀವು ಮಾಡಿ.”

ಭಾವ ಸ್ಕ್ರೂಡ್ರೈವರ್ ತಗೊಂಡರು.

ಹಿಂದಿನ ಫ್ಯಾನು ಕೂಲರಿನ ತಗಡುಗಳಿಗೂ ಡಬ್ಬದ ಜಾಲರಿಗೂ ನಡುವೆ ಇಕ್ಕಟ್ಟಿನಲ್ಲಿ ಗಾಳಿ ಎಳೆಯುತ್ತಾ ಸಿಳ್ಳೆ ಹಾಕುತ್ತಿತ್ತು. ಅದನ್ನು ತೆಗೆದರು. ಮುಂದಿನದರ ವೇಗವನ್ನು ಕೊಂಚ ಏರಿಸಿದರು. “ಗೊರ್ ಅಂತಿದೆ” ಎಂದಳು ಅಕ್ಕ. “ಅದು ನನಗೂ ಕೇಳ್ತಿದೆ” ಎಂದು ಭಾವ ಸಿಡುಕಿದರು. ಸಿಡುಕಿದ್ದು ಕೇಳಿ ನನಗೆ ಹಾಯೆನಿಸಿತು. ಫ್ಯಾನಿಗೂ ತಗಡಿಗೂ ನಡುವೆ ರಬ್ಬರಿನ ತುಂಡು ಇಟ್ಟು ಜಾಗ ಬಿಡಿಸಿದರು. ಅಕ್ಕ ಸಾಲದು ಎಂದಳು. ಇನ್ನೊಂದು ತುಂಡು ಇಟ್ಟರು. ಬಲಕ್ಕೆ ವಾಲಿದೆ ಎಂದಳು. ಸರಿಪಡಿಸಿದರು. ಎಲ್ಲಿಂದಲೋ ಸಣ್ಣದಾಗಿ ಚಿಟಿಚಿಟಿ ಎನ್ನುತ್ತಿದೆ ಎಂದಳು. ನನಗೆ ಕೇಳಿಸದಿದ್ದುದೂ ಅವಳಿಗೆ ಕೇಳಿಸುತ್ತಿತ್ತು. ತಂತಿಯೊಂದು ರೆಕ್ಕೆಗೆ ತಾಗುತ್ತಿತ್ತು, ಭಾವ ಅದನ್ನು ಕಟ್ಟಿ ಹಾಕಿದರು. ನಾನು ಗೋಡೆಗೆ ಒರಗಿದಾಗ ಅಂಗಿ ಸರಕ್ಕೆಂದಿತು, ಅಕ್ಕ ನನ್ನನ್ನು ನೋಡಿ ‘ಶ್’ ಎಂದಳು.

ಅಕ್ಕ ಭಾವನ ಪಕ್ಕ ಮೊಣಕಾಲೂರಿ, ಡಬ್ಬಕ್ಕೆ ಕಿವಿ ಹಚ್ಚಿ, ಕಣ್ಣು ಮುಚ್ಚಿದಳು. ಬಹಳ ಹೊತ್ತಾದ ಮೇಲೆ ತಲೆ ಎತ್ತಿದಳು.

“ಈಗ ಏನೂ ಕೇಳಿಸ್ತಿಲ್ಲ” ಎಂದಳು.

“ನನಗೂ” ಎಂದರು ಭಾವ.