ಗೋಡೆಯ ಮೇಲಿನ ಹೆಸರು

ನನ್ನ ಕೈಬರಹದ ಬಗ್ಗೆ ನನಗೆ ಯಾವ ಭ್ರಮೆಯೂ ಇರಲಿಲ್ಲ. ಬಾದಾಮಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಬೋರ್ಡಿನ ಮೇಲೆ ನಾನು ಬರೆದದ್ದನ್ನು ಮಕ್ಕಳು ಓದುವುದಿಲ್ಲ, ಊಹಿಸುತ್ತಾರೆ. ಅಂಕಿಗಳಾದರೆ ಹೇಗೋ ನಡೆಯುತ್ತದೆ, ಕನ್ನಡದ ಒಂದು ಸಾಲು ಬಂತೆಂದರೆ ಹಿಂದಿನ ಬೆಂಚಿನಿಂದ ತಪ್ಪದೆ ಒಂದು ದನಿ ಕೇಳುತ್ತದೆ: "ಟೀಚರ್, ಅದೇನ್ರಿ ಅದು?" ಅಷ್ಟು ವರ್ಷ ನಾನೂ ನಕ್ಕು ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತಿದ್ದೆ.

ಅವ್ವನ ತಲೆಯಿಂದ ಒಂದೊಂದೇ ಸಂಗತಿ ಜಾರತೊಡಗಿದ ಮೇಲೆ ಆ ನಗು ನಿಂತಿತು. ಅಪ್ಪ ತೀರಿಕೊಂಡಂದಿನಿಂದ ಅವ್ವ ನನ್ನ ಜೊತೆಗೇ ಇದ್ದಾಳೆ. ನನಗೆ ಮದುವೆಯಾಗಿಲ್ಲ, ಯಾಕೆ ಎಂದು ಕೇಳುತ್ತಿದ್ದವರೂ ಈಗ ಕೇಳಿ ಕೇಳಿ ದಣಿದಿದ್ದಾರೆ. ಇದು ವಾಸಿಯಾಗುವ ಮರೆವಲ್ಲ, ನಿಧಾನವಾಗಿ ಹೆಚ್ಚುತ್ತ ಹೋಗುತ್ತದೆ ಎಂದ ಬಾಗಲಕೋಟೆಯ ಡಾಕ್ಟರು ಒಂದು ಉಪಾಯವನ್ನೂ ಹೇಳಿದರು. ಮನೆಯ ಬಾಗಿಲುಗಳ ಮೇಲೆ ದೊಡ್ಡ ಅಕ್ಷರದಲ್ಲಿ ಅದು ಯಾವ ಕೋಣೆ ಎಂದು ಬರೆದು ಅಂಟಿಸಬೇಕು. ಹೊಸದೆಲ್ಲ ಮೊದಲು ಹೋಗುತ್ತದೆ, ಬಾಲ್ಯದಲ್ಲಿ ಕಲಿತದ್ದು ಕೊನೆಯವರೆಗೂ ಉಳಿಯುತ್ತದೆ ಎಂದರು.

ಅವ್ವ ಇಳಕಲ್ಲಿನ ಕನ್ನಡ ಸಾಲಿಯಲ್ಲಿ ನಾಲ್ಕನೆಯ ತರಗತಿಯವರೆಗೆ ಕಲಿತವಳು. ಆ ಸಾಲಿಯಲ್ಲಿ ಅಕ್ಷರ ಕಲಿಸಿದ ಅಕ್ಕೋರ ಸುದ್ದಿ ಹೇಳದ ದಿನವಿರಲಿಲ್ಲ. ಅಕ್ಕೋರು ಕೈ ಹಿಡಿದು ತಿದ್ದಿಸಿದ್ದು, ಸಂಜೆ ಅವರನ್ನು ಕೇಳದೆ ಯಾರೂ ಮನೆಗೆ ಹೋಗುವಂತಿರಲಿಲ್ಲ ಎನ್ನುವುದು ನನಗೆ ಬಾಯಿಪಾಠವಾಗಿತ್ತು. ಓದುವುದು ಹೋಗಿರಲಾರದು ಎಂದುಕೊಂಡು ನಾನು ಮಾರ್ಕರ್ ಹಿಡಿದು ಎಲ್ಲ ಬಾಗಿಲುಗಳಿಗೂ ಬರೆದು ಅಂಟಿಸಿದೆ. ಅವ್ವ ಬಚ್ಚಲ ಬಾಗಿಲ ಮುಂದೆ ಬಹಳ ಹೊತ್ತು ನಿಂತಳು.

"ಇದೇನ್ ಗೀಚೀದಿ ಯವ್ವಾ? ಇರಿವಿ ಹರದಾಡಿದಂಗ ಐತಿ."

ಅಷ್ಟು ಹೇಳುವಷ್ಟರಲ್ಲಿ ತಡವಾಗಿತ್ತು. ಸೀರೆ ಒದ್ದೆಯಾಗಿ, ನಡುಮನೆಯಲ್ಲಿ ನಿಂತಲ್ಲೇ ನಿಂತು ಸಣ್ಣ ಮಕ್ಕಳ ಹಾಗೆ ಅತ್ತಳು. ನೆಲ ಒರೆಸುತ್ತ ನನಗೆ ಅವಳ ಕಾಯಿಲೆಯ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನ್ನ ಕೈಯ ಮೇಲೆ ಬಂತು.

ಬಾಗಲಕೋಟೆಯ ನವನಗರದಲ್ಲಿ ಭಾನುವಾರಕ್ಕೊಮ್ಮೆ ಕ್ಯಾಲಿಗ್ರಫಿ ತರಗತಿ ನಡೆಯುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದು ಆ ವಾರವೇ. ಪಕ್ಕದ ಮನೆಯ ಚಿಗವ್ವ ಅವ್ವನ ಜೊತೆ ಕೂರಲು ಒಪ್ಪಿದಳು. ನಾನು ಕೆರೂರಿನ ಮೇಲೆ ಹೋಗುವ ಬಸ್ಸು ಹತ್ತಿದೆ. ಕಲಿಸುವವಳು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ, ಹುಬ್ಬಳ್ಳಿಯಲ್ಲಿ ಚಿತ್ರಕಲೆ ಓದಿ ಬಂದವಳು. ಉಳಿದವರು ಲಗ್ನಪತ್ರಿಕೆ ಬರೆಯಬೇಕು, ಮೊಬೈಲಿನಲ್ಲಿ ಹಾಕಿ ನಾಲ್ಕು ಜನರ ಮೆಚ್ಚುಗೆ ಪಡೆಯಬೇಕು ಎಂದು ಸೇರಿದವರು. ನೀವೇಕೆ ಬಂದಿರಿ ಎಂದು ಕೇಳಿದಾಗ "ಬಚ್ಚಲಕ್ಕ ಬೋರ್ಡ್ ಬರಿಯಾಕ" ಎಂದೆ. ಎಲ್ಲರೂ ನಕ್ಕರು. ನಾನು ವಿವರಿಸಲು ಹೋಗಲಿಲ್ಲ.

ಮೊದಲ ಕೆಲವು ವಾರ ಅಕ್ಷರದ ಮಾತೇ ಇಲ್ಲ. ಚಪ್ಪಟೆ ತುದಿಯ ಪೆನ್ನನ್ನು ಓರೆಯಾಗಿ ಹಿಡಿದು ಬರೀ ಗೆರೆ, ಆಮೇಲೆ ಬರೀ ಸೊನ್ನೆ. ಪೆನ್ನಿನ ಕೋನ ಬದಲಾಗದಿದ್ದರೆ ದಪ್ಪ ತೆಳುವು ತಾನಾಗಿಯೇ ಬರುತ್ತದೆ ಎಂದು ಅವಳು ತೋರಿಸುತ್ತಿದ್ದಳು. ಕೋನದ ಪಾಠವನ್ನು ನನಗೇ ಹೇಳುತ್ತಿದ್ದಾಳಲ್ಲ ಎಂದು ಒಳಗೊಳಗೇ ಉರಿದುಕೊಂಡೆ. ಆದರೆ ನನಗೆ ಗೊತ್ತಿದ್ದ ಗಣಿತ ನನ್ನ ಕೈಗೆ ಗೊತ್ತಿರಲಿಲ್ಲ. ನನ್ನ ಸೊನ್ನೆಗಳು ಒಣಗಿದ ಬಾರೆಹಣ್ಣಿನಂತೆ ಸುಕ್ಕಾಗಿ ಬರುತ್ತಿದ್ದವು.

"ಮೇಡಂ, ನೀವು ಅಕ್ಷರಾನ ಓಡಸ್ತೀರಿ. ಅದಕ್ಕ ಸ್ವಲ್ಪ ನಿಂದ್ರಾಕ ಬಿಡ್ರಿ. ತಲಿಕಟ್ಟ ಹಾಕೂಕಿಂತ ಮೊದಲ ಒಂದು ಉಸರ ತಗೋರಿ" ಎಂದಳು ಒಂದು ದಿನ.

ಆ ಉಸಿರು ತೆಗೆದುಕೊಳ್ಳುವುದನ್ನು ಕಲಿಯಲು ನನಗೆ ಬೇಸಿಗೆಯೆಲ್ಲ ಹಿಡಿಯಿತು. ಶಾಲೆಯಿಂದ ಬಂದು, ಅವ್ವನಿಗೆ ಉಣ್ಣಿಸಿ, ಅವಳ ಎದುರಿಗೇ ಕೂತು ಹಾಳೆ ತುಂಬಿಸುತ್ತಿದ್ದೆ. ಅವಳು ಸುಮ್ಮನೆ ನೋಡುತ್ತಿದ್ದಳು. ಮಳೆಗಾಲ ಶುರುವಾದಾಗ ಮೊದಲ ಬಾರಿಗೆ ದಪ್ಪ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ "ಬಚ್ಚಲ" ಎಂದು ಬರೆದು ಅಂಟಿಸಿದೆ. ಮರುದಿನ ಬೆಳಿಗ್ಗೆ ಅವ್ವ ಅದರ ಮುಂದೆ ನಿಂತು, ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿ ಓದಿ, ಬಾಗಿಲು ತಳ್ಳಿ ಒಳಗೆ ಹೋದಳು. ನಾನು ಒಲೆಯ ಮುಂದೆ ನಿಂತು ಅತ್ತೆ. ಚಹಾ ಉಕ್ಕಿ ಹೋಯಿತು, ಹೋಗಲಿ ಎಂದು ಬಿಟ್ಟೆ.

ಆಮೇಲೆ "ಅಡಿಗಿ ಮನಿ", "ದೇವರ ಮನಿ". ನಮ್ಮ ಶಾಲೆಯ ಕನ್ನಡ ಮೇಷ್ಟ್ರು ಒಮ್ಮೆ ಮನೆಗೆ ಬಂದವರು, ಇದು ಗ್ರಂಥದ ಭಾಷೆಯಲ್ಲ ಎಂದರು. ಓದಬೇಕಾದವರು ನೀವಲ್ಲ ಎಂದು ಹೇಳಿ ಚಹಾ ಕೊಟ್ಟು ಕಳಿಸಿದೆ. ಆ ಕೆಲವು ವಾರ ಅವ್ವ ನನ್ನ ಕಡೆ ವಾಪಸು ಬರುತ್ತಿದ್ದಾಳೆ ಎಂದೇ ನಂಬಿಬಿಟ್ಟಿದ್ದೆ. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರೂ ನಂಬಿದ್ದೆ.

ನವರಾತ್ರಿಯ ರಜೆಯಲ್ಲಿ ಕ್ಯಾಲಿಗ್ರಫಿ ಟೀಚರ್ ಒಂದು ದಿನದ ಕಾರ್ಯಾಗಾರವನ್ನು ನಮ್ಮೂರಲ್ಲೇ ಇಟ್ಟುಕೊಂಡಳು. ಬೆಟ್ಟದ ಬಂಡೆಯ ಮೇಲಿನ ಹಳಗನ್ನಡದ ಶಾಸನವನ್ನು ಎಲ್ಲರೂ ನೋಡಬೇಕೆಂದು ಅವಳ ಆಸೆ. ಚಿಕ್ಕಂದಿನಿಂದ ಆ ಬಂಡೆಯ ಕೆಳಗೆ ಓಡಾಡಿದವಳು ನಾನು. ಅಲ್ಲಿ ಅಕ್ಷರಗಳಿವೆ ಎನ್ನುವುದು ಗೊತ್ತಿತ್ತು, ನಿಂತು ನೋಡಿರಲಿಲ್ಲ. ಒಂದಕ್ಷರವೂ ಸವೆದಿರಲಿಲ್ಲ, ಒಂದನ್ನೂ ನಮ್ಮಲ್ಲಿ ಯಾರಿಗೂ ಓದಲಾಗಲಿಲ್ಲ. ಅದು ನನ್ನ ಮನಸ್ಸಿಗೆ ಹಿಡಿಸಲಿಲ್ಲ, ಬೇಗ ಕೆಳಗಿಳಿದೆ. ಹೊರಡುವ ಮುಂಚೆ ಟೀಚರ್ ಮನೆಗೆಲಸ ಕೊಟ್ಟಳು: ನಿಮ್ಮ ಮನೆಯ ಒಬ್ಬರ ಹೆಸರನ್ನು ಬರೆದು ತನ್ನಿ.

ನಾನು ಅವ್ವನ ಹೆಸರನ್ನು ಬರೆದೆ. ಅಷ್ಟು ಚೆಂದದ ಅಕ್ಷರ ನನ್ನ ಕೈಯಿಂದ ಅದೇ ಮೊದಲು. ತರಗತಿಯಲ್ಲಿ ತೋರಿಸಿ ಬಂದು ಚೌಕಟ್ಟು ಹಾಕಿಸಿ ಅವ್ವನ ಮಂಚದ ಎದುರಿನ ಗೋಡೆಗೆ ತೂಗುಹಾಕಿದೆ. ಎಲ್ಲ ಮರೆತರೂ ಕಣ್ಣು ಬಿಟ್ಟಾಗ ತಾನು ಯಾರು ಎನ್ನುವುದಾದರೂ ಕಾಣಲಿ ಎಂದು.

ಅವ್ವ ಓದಿದಳು. ತಡವರಿಸದೆ ಓದಿದಳು. ಆಮೇಲೆ ಸುತ್ತಲೂ ನೋಡಿ, ನನ್ನ ಮೊಣಕೈ ಹಿಡಿದು ಮೆಲ್ಲಗೆ ಕೇಳಿದಳು.

"ಇದು ಯಾರ ಹೆಸರವ್ವಾ? ನಾವು ಯಾರ ಮನ್ಯಾಗ ಅದೇವಿ?"

"ನಿಂದ ಹೆಸರಬೇ. ನಮ್ಮನೀನ ಇದು."

"ಸುಳ್ಳ ಹೇಳಬ್ಯಾಡ. ಆಕಿ ಬಂದ್ರ ಬೈತಾಳ. ಏಳು, ಹೋಗೂನು."

ಎರಡು ಸೀರೆ, ವಿಭೂತಿ ಗಟ್ಟಿ, ಒಂದು ಬಟ್ಟಲನ್ನು ಗಂಟು ಕಟ್ಟಿಕೊಂಡು ಬಾಗಿಲ ಬಳಿ ಕೂತಳು. ಚೌಕಟ್ಟನ್ನು ತೆಗೆದು ಕಪಾಟಿನಲ್ಲಿಟ್ಟೆ, ಆದರೆ ಹೆದರಿಕೆ ಗೋಡೆಯಿಂದ ಇಳಿಯಲಿಲ್ಲ. ಅಂದಿನಿಂದ ತುತ್ತು ಬಾಯಿಗಿಡುವ ಮೊದಲು "ಆಕಿ ಉಂಡಾಳೇನು?" ಎಂದು ಕೇಳತೊಡಗಿದಳು. ಪಾತ್ರೆ ಮುಟ್ಟಲು ಹಿಂಜರಿದಳು, ಮಂಚ ಬಿಟ್ಟು ನೆಲದ ಮೇಲೆ ಮಲಗಿದಳು. ತನ್ನದೇ ಮನೆಯಲ್ಲಿ, ತನ್ನದೇ ಹೆಸರಿನ ಒಡತಿಗೆ ಹೆದರಿ ನನ್ನವ್ವ ಮುದುಡಿಕೊಂಡಿದ್ದಳು. ಅದನ್ನು ಬರೆದ ಕೈಯನ್ನು ಕಡಿದುಕೊಳ್ಳಬೇಕು ಎನಿಸುತ್ತಿತ್ತು.

ಡಾಕ್ಟರು ಹೇಳಿದ್ದು ಆಗ ನೆನಪಾಯಿತು, ಹೊಸದು ಮೊದಲು ಹೋಗುತ್ತದೆ ಎಂದು. ನಮ್ಮ ಕಡೆ ಲಗ್ನದಲ್ಲಿ ಮದುಮಗಳ ಹೆಸರು ಬದಲಿಸುತ್ತಾರೆ. ಅಕ್ಕಿ ಹರಡಿದ ತಾಟಿನಲ್ಲಿ ಮದುಮಗ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ, ಬಂದವರೆಲ್ಲ ಬಗ್ಗಿ ಓದುತ್ತಾರೆ. ನನ್ನ ಅತ್ತೆಯರದೆಲ್ಲ ಹಾಗೆ ಬದಲಾದ ಹೆಸರುಗಳೇ. ಅವ್ವನದೂ ಹಾಗೇ ಇರಬೇಕು. ಅರ್ಧ ಶತಮಾನ ಅದೇ ಹೆಸರಿನಿಂದ ಬಾಳಿದ್ದರೂ ಅದು ಅವಳಿಗೆ ಹೊಸ ಹೆಸರು. ಹಳೆಯದು ಏನೆಂದು ನನಗೆ ಗೊತ್ತಿರಲಿಲ್ಲ. ಇಳಕಲ್ಲಿನ ಅಜ್ಜ ಅಜ್ಜಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಉಳಿದ ಒಬ್ಬ ಸೋದರಮಾವ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ.

ಫೋನಿನಲ್ಲಿ ಮಾವ ಹೇಳಲಿಲ್ಲ, ಬಾ ಎಂದ. ಹುನಗುಂದದಲ್ಲಿ ಬಸ್ಸು ಬದಲಿಸಿ ಇಳಕಲ್ಲಿಗೆ ಹೋದೆ. ಮಾವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದ, ನೇಯುತ್ತಿರಲಿಲ್ಲ. ಅವ್ವನ ಸ್ಥಿತಿಯನ್ನೆಲ್ಲ ಕೇಳಿದ.

"ಅಕ್ಕಿಯೊಳಗ ಹೆಸರ ಬರದ ಮ್ಯಾಲ ಮುಗೀತವ್ವಾ. ನಮ್ಮಪ್ಪ ಹೇಳಿಬಿಟ್ಟಿದ್ದ, ಇನ್ನ ಹಳೇ ಹೆಸರ ಯಾರೂ ತಗೀಬ್ಯಾಡ್ರಿ, ಬೀಗರಿಗೆ ಕೆಟ್ಟ ಅನಸ್ತದ ಅಂತ. ಆಕಿ ಜೋಡಿ ಹೆಸರೂ ಹೋತು."

ಆಮೇಲೆ, ಯಾರೋ ಕೇಳಿಸಿಕೊಂಡಾರು ಎನ್ನುವಂತೆ ಬಾಗಿಲ ಕಡೆ ಒಮ್ಮೆ ನೋಡಿ, ಆ ಹೆಸರು ಹೇಳಿದ. ಇಲ್ಲಿ ನಾನದನ್ನು ಬರೆಯುವುದಿಲ್ಲ. ಹೊರಟಾಗ "ಬರದಿ ಅಂದ್ರ ನನಗೊಂದು ಫೋಟೋ ಕಳಸು" ಎಂದ.

ಬರೆಯಲು ದೀಪಾವಳಿ ಕಳೆಯಿತು. ಅವಸರ ಮಾಡುವ ಧೈರ್ಯವಿರಲಿಲ್ಲ. ಟೀಚರಿಗೆ ಎಲ್ಲವನ್ನೂ ಹೇಳಿದೆ. ಅವಳು ತನ್ನ ಒಳ್ಳೆಯ ಕಾಗದ ಕೊಟ್ಟಳು. ಹಳೆಯ ಪಠ್ಯಪುಸ್ತಕಗಳಲ್ಲಿ ಇರುತ್ತಿದ್ದಂಥ ದುಂಡನೆಯ ಅಕ್ಷರ ಆರಿಸಿಕೊಂಡೆವು. ಪ್ರತಿ ತಲೆಕಟ್ಟಿಗೂ ಉಸಿರು ತೆಗೆದುಕೊಂಡು ಬರೆದೆ.

ಒಂದು ಮಧ್ಯಾಹ್ನ ಅದನ್ನು ಅದೇ ಗೋಡೆಗೆ, ಅದೇ ಮೊಳೆಗೆ ಹಾಕಿದೆ. ಅವ್ವ ನೆಲದಿಂದ ಎದ್ದು ಹತ್ತಿರ ಹೋದಳು. ಬೆರಳಿಟ್ಟು, ರಾಗ ಎಳೆದು ಓದಿದಳು. ಅವಳ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದೆ.

"ನಂದು" ಎಂದಳು. ಮುಖದಲ್ಲಿ ಅಂಜಿಕೆಯ ಸುಳಿವಿರಲಿಲ್ಲ. ತಾನೇ ಹೋಗಿ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಳು.

ನಾನು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ. ಅವಳು ನನ್ನ ಮುಖ ನೋಡಿದಳು, ಬೆರಳಿಗೆ ಅಂಟಿದ್ದ ಕಪ್ಪು ಶಾಯಿ ನೋಡಿದಳು. ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಎದ್ದು ನಿಂತು, ಎರಡೂ ಕೈ ಕಟ್ಟಿಕೊಂಡಳು.

"ಅಕ್ಕೋರ, ನಾ ಮನಿಗೆ ಹೋಗ್ಲೇನ್ರಿ? ನಮ್ಮವ್ವ ದಾರಿ ನೋಡ್ತಿರ್ತಾಳ್ರಿ."

ನನ್ನವ್ವ ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಆ ಹೆಸರಿನ ಹುಡುಗಿಗೆ ಇನ್ನೂ ಲಗ್ನವಾಗಿರಲಿಲ್ಲ, ಮಕ್ಕಳಿರಲಿಲ್ಲ. ಅದನ್ನು ಗೋಡೆಯಿಂದ ತೆಗೆದರೆ ಅವಳು ಮತ್ತೆ ನನ್ನನ್ನು ಯವ್ವಾ ಎಂದು ಕರೆಯಬಹುದು, ಮತ್ತೆ ನೆಲದ ಮೇಲೆ ಮುದುಡಿ ಮಲಗಲೂಬಹುದು. ಮೊಳೆಯ ಕಡೆ ಒಮ್ಮೆ ನೋಡಿದೆ. ಕೈ ಮೇಲೇಳಲಿಲ್ಲ.

"ಹೋಗುವಂತಿ" ಎಂದೆ. "ಉಂಡ ಹೋಗು."

ಅವಳು ಮಂಚದ ಮೇಲೆ ಕೂತು, ತನ್ನ ಹೆಸರನ್ನು ನೋಡುತ್ತ ಹೊಟ್ಟೆ ತುಂಬ ಉಂಡಳು.