ಶನಿವಾರದ ಹಗ್ಗ

ಮರಾಠಿ ಗಡಿಯ ತುರೋರಿ ಊರು ದಾಟಿದ ಮೇಲೆ ಹೆದ್ದಾರಿಯ ಬಲಕ್ಕೆ ಒಂದು ಕಲ್ಲಿದ್ದಲು ಡೆಪೋ ಇದೆ. ದೂರದಿಂದ ಬಂದ ಕಲ್ಲಿದ್ದಲನ್ನು ಅಲ್ಲಿ ಸುರಿಯುತ್ತಾರೆ, ಒಡೆಯುತ್ತಾರೆ, ಉದ್ದನೆಯ ರಬ್ಬರ್ ಬೆಲ್ಟಿನ ಮೇಲೆ ಏರಿಸಿ ಲಾರಿಗಳಿಗೆ ತುಂಬುತ್ತಾರೆ. ಲಾರಿಗಳು ಇಟ್ಟಿಗೆ ಭಟ್ಟಿಗಳಿಗೆ ಹೋಗುತ್ತವೆ. ಬೆಲ್ಟಿನಿಂದ ಉದುರಿದ್ದನ್ನು ಗುಡಿಸಿ ಮತ್ತೆ ಗುಂಪು ಮಾಡುವುದು ಗುರಮ್ಮನ ಕೆಲಸ. ಹನ್ನೊಂದು ವರ್ಷದಿಂದ ಗುಡಿಸುತ್ತಿದ್ದಾಳೆ. ಗುಡಿಸಿದಷ್ಟೂ ಉದುರುತ್ತದೆ.

ಸಂಜೆ ದಾಳಿಂಬಕ್ಕೆ ಹೋಗುವ ಆಟೋದಲ್ಲಿ ಅವಳ ಪಕ್ಕ ಕೂರಲು ಯಾರೂ ಮುಂದಾಗುವುದಿಲ್ಲ. ಅವಳಿಗೂ ಅದರ ಬಗ್ಗೆ ಬೇಸರವಿಲ್ಲ. ಕಾಲು ಚಾಚಲು ಜಾಗ ಸಿಗುತ್ತದೆ. ಮನೆಯಲ್ಲಿ ಮೈ ತೊಳೆದಾಗ ಮೊದಲ ತಂಬಿಗೆಯ ನೀರು ಕಪ್ಪಗೆ ಇಳಿಯುತ್ತದೆ, ಎರಡನೆಯದು ಬೂದು ಬಣ್ಣ, ಐದನೆಯದಕ್ಕೆ ನೀರು ನೀರಿನಂತೆ ಕಾಣುತ್ತದೆ. ಅಷ್ಟರಲ್ಲಿ ತೋಳು ಸೋತಿರುತ್ತದೆ.

ಅವಳು ಹುಟ್ಟಿದ್ದು ನಿಲಂಗಾದ ಕಡೆ. ಮನೆಯ ಮಾತು ಕನ್ನಡ, ನಾಲ್ಕನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಮರಾಠಿ. ಹದಿನೈದಕ್ಕೆ ದಾಳಿಂಬದ ಬಕ್ಕಪ್ಪನ ಕೈಹಿಡಿದು, ಅವನಿಗಿಂತ ಹೆಚ್ಚಾಗಿ ಅವನ ಕುರಿಗಳ ಹಿಂದೆ ನಡೆದಳು. ಹದಿನೆಂಟು ವರ್ಷ ಅವಳ ಸಂಸಾರ ಒಂದು ಕುದುರೆಯ ಬೆನ್ನ ಮೇಲಿತ್ತು. ಆ ಬದುಕಿನಲ್ಲಿ ಬರೆದಿಡದ ಒಂದು ಕಟ್ಟಳೆ ಇತ್ತು. ಹಟ್ಟಿ ಕಾಯಲು ಪಾಳಿ ಇರುತ್ತದೆ. ಯಾರ ಪಾಳಿಯಲ್ಲಿ ಮರಿ ಹೋಯಿತೋ ಅವರು ಬೆಳಿಗ್ಗೆ ಎಲ್ಲರ ಮುಂದೆ ತಾವಾಗಿಯೇ ಹೇಳಬೇಕು: "ನನ್ನ ಪಾಳಿ ಇತ್ತು." ಕೇಳುವವರೆಗೆ ಕಾಯಬಾರದು. ಹೇಳಿದ ಮೇಲೆ ಯಾರೂ ಬೈಯುವ ಹಾಗಿಲ್ಲ. ಗುರಮ್ಮನೂ ಒಮ್ಮೆ ಹೇಳಿದ್ದಳು. ತೋಳ ಎರಡು ಮರಿ ಒಯ್ದಿತ್ತು. ಅವಳು ಹೇಳಿದಳು, ಎಲ್ಲರೂ ಕೇಳಿದರು, ಅತ್ತೆ ಅವಳ ಕೈಗೆ ರೊಟ್ಟಿ ಕೊಟ್ಟಳು. ಅಷ್ಟೇ.

ಆಮೇಲೆ ಬೀಳು ನೆಲವೆಲ್ಲ ಸೋಯಾಬೀನ್ ಆಯಿತು. ಕುರಿ ಮೇಯಲು ಜಾಗ ಉಳಿಯಲಿಲ್ಲ. ಮುನ್ನೂರು ಇದ್ದದ್ದು ನಲವತ್ತಾಯಿತು, ನಲವತ್ತು ಒಂಬತ್ತಾಯಿತು. ಆ ಒಂಬತ್ತನ್ನು ಬಕ್ಕಪ್ಪ ಊರಂಚಿನಲ್ಲೇ ಮೇಯಿಸುತ್ತಾನೆ. ಗುರಮ್ಮ ಪೊರಕೆ ಹಿಡಿದಳು.

ಡೆಪೋದಲ್ಲಿ ಅವಳಿಗೆ ಇನ್ನೊಂದು ಕೆಲಸವನ್ನೂ ಹಚ್ಚಿದ್ದರು. ಬೆಲ್ಟಿನ ಪಕ್ಕದಲ್ಲಿ, ಈ ತುದಿಯಿಂದ ಆ ತುದಿಯವರೆಗೆ, ಒಂದು ಕೆಂಪು ಹಗ್ಗ. ಕಂಬಕ್ಕೊಂದು ಕಬ್ಬಿಣದ ಬಳೆ. ಬಳೆಗಳೊಳಗಿಂದ ಹಗ್ಗ ಸರಿದು, ಮೇಲಿನ ತುದಿಯಲ್ಲಿ ಸ್ವಿಚ್ಚಿಗೆ ಸೇರುತ್ತದೆ. ಎಲ್ಲಿಯೇ ಜಗ್ಗಿದರೂ ಬೆಲ್ಟು ನಿಲ್ಲಬೇಕು. ಪ್ರತಿ ಶನಿವಾರ ಅದನ್ನು ಜಗ್ಗಿ ನೋಡಿ ರಜಿಸ್ಟರಿನಲ್ಲಿ ಬರೆಯಬೇಕೆಂದು ಸರಕಾರದ ನಿಯಮ.

ಮೊದಲ ಶನಿವಾರ ಗುರಮ್ಮ ಜಗ್ಗಿದಳು. ಬೆಲ್ಟು ನಿಂತಿತು. ಅಷ್ಟು ದೊಡ್ಡ ಸದ್ದು ತನ್ನ ಒಂದು ಕೈಯ ಮಾತು ಕೇಳಿದ್ದು ಅವಳಿಗೆ ಹಿಡಿಸಿತು. ಆದರೆ ತುಂಬಿದ ಬೆಲ್ಟು ನಿಂತರೆ ಮತ್ತೆ ಹೊರಡುವುದಿಲ್ಲ. ಅದರ ಮೇಲಿನ ಕಲ್ಲಿದ್ದಲನ್ನು ಸಲಿಕೆಯಿಂದ ಇಳಿಸಬೇಕು. ಒಂದು ತಾಸು ಹಿಡಿಯಿತು. ಗೇಟಿನಲ್ಲಿ ಹನ್ನೆರಡು ಲಾರಿ ನಿಂತು ಹಾರ್ನ್ ಹೊಡೆದವು. ಸೂಪರ್‌ವೈಸರ್ ಕೈಲಾಸ ಓಡಿ ಬಂದ.

"ಕಾಕೂ, ನೀ ಹಗ್ಗ ಜಗ್ಲಾಕ ಬಂದಿಯೋ, ನನ್ನ ನೌಕರಿ ಜಗ್ಲಾಕ ಬಂದಿಯೋ?"

"ನೀನಾ ಹೇಳ್ದಿ ಅಲ್ಲಪ್ಪಾ, ಶನಿವಾರಕ್ಕೊಮ್ಮೆ ಜಗ್ಗು ಅಂತ."

"ಬರಿ ಅಂತ ಹೇಳೀನಿ. ಜಗ್ಗೋದು ಬ್ಯಾರೆ, ಬರಿಯೋದು ಬ್ಯಾರೆ."

ಕೈಲಾಸ ಕೆಟ್ಟವನಲ್ಲ. ಅವನ ಮೇಲೆಯೂ ಮಾಲಕರ ಫೋನು ದಿನವಿಡೀ ಕೂಗುತ್ತಿತ್ತು; ಊಟದ ಡಬ್ಬಿಯನ್ನು ನಿಂತೇ ಖಾಲಿ ಮಾಡುವವನು. ಅಂದಿನಿಂದ ಗುರಮ್ಮ ಜಗ್ಗಲಿಲ್ಲ. ಶನಿವಾರಕ್ಕೊಂದು ಸಾಲು ಬರೆದಳು. ದಿನಾಂಕ, ಆಮೇಲೆ ಮರಾಠಿ ಅಕ್ಷರದಲ್ಲಿ "ಠೀಕ್", ಕೆಳಗೆ ಸಹಿ. ಕೆಲವೊಮ್ಮೆ ಗುರುವಾರವೇ ಬರೆದಿಟ್ಟು ಬಿಡುತ್ತಿದ್ದಳು.

ಹೋದ ದಸರೆಗೆ, ಖಂಡೇನವಮಿಯ ದಿನ, ಡೆಪೋದ ಯಂತ್ರಗಳಿಗೆಲ್ಲ ಪೂಜೆಯಾಯಿತು. ಮೋಟಾರಿಗೆ ಕುಂಕುಮ, ಲೋಡರಿಗೆ ಹೂವಿನ ಹಾರ, ತೂಕದ ಕಾಟಾಕ್ಕೆ ತೆಂಗಿನಕಾಯಿ. ಹಗ್ಗದ ಕಡೆ ಯಾರೂ ನೋಡಲಿಲ್ಲ. ಗುರಮ್ಮನಿಗೆ ಅದು ಸರಿ ಕಾಣಲಿಲ್ಲ. ಅವಳ ಮನೆತನದಲ್ಲಿ ಕುಲದೇವರು ಬೀರಪ್ಪನ ಹೆಸರಿನ ಉಣ್ಣೆಯ ಕಂಕಣವನ್ನು ಕಾಯುವ ವಸ್ತುಗಳಿಗೆ ಕಟ್ಟುತ್ತಾರೆ: ನಾಯಿಯ ಕೊರಳಿಗೆ, ಹಟ್ಟಿಯ ಬಾಗಿಲಿಗೆ, ಕೈಯ ಕೋಲಿಗೆ. ಇಲ್ಲಿ ಕಾಯುವುದು ಈ ಹಗ್ಗವೇ ತಾನೆ? ಮನೆಯಿಂದ ತಂದಿದ್ದ ಕರಿ ಉಣ್ಣೆಯ ದಾರಕ್ಕೆ ಭಂಡಾರದ ಅರಿಸಿನ ಹಚ್ಚಿ, ನಡುವಿನ ಕಂಬದ ಬಳೆಗೂ ಹಗ್ಗಕ್ಕೂ ಸೇರಿಸಿ ಏಳು ಸುತ್ತು ಸುತ್ತಿ ಬಿಗಿಯಾಗಿ ಕಟ್ಟಿದಳು. ಕೈಮುಗಿದಳು. ಆ ಕಂಕಣವನ್ನು ಬಿಚ್ಚುವಂತಿಲ್ಲ. ತಾನಾಗಿ ಸವೆದು ಬೀಳಬೇಕು.

ಅದು ಬೀಳಲಿಲ್ಲ. ಧೂಳು ಅಡಗಿಸಲು ಚಿಮುಕಿಸುವ ನೀರು, ಕಲ್ಲಿದ್ದಲಿನ ಪುಡಿ, ಮೇಲೆ ಬಿಸಿಲು. ಮೂರು ತಿಂಗಳಲ್ಲಿ ಉಣ್ಣೆ ಕಲ್ಲಾಯಿತು. ಹಗ್ಗ ಬಳೆಯೊಳಗೆ ಸರಿಯುವುದನ್ನೇ ಬಿಟ್ಟಿತು. ಜಗ್ಗಿ ನೋಡಿದ್ದರೆ ತಿಳಿಯುತ್ತಿತ್ತು. ಗುರಮ್ಮ "ಠೀಕ್" ಎಂದು ಬರೆಯುತ್ತಿದ್ದಳು.

ಜನವರಿಯ ಒಂದು ಮಧ್ಯಾಹ್ನ, ಭಟ್ಟಿಗಳ ಸುಗ್ಗಿ. ಕೆಳತುದಿಯಲ್ಲಿ ರೋಲರು ಸ್ವಚ್ಛ ಮಾಡುತ್ತಿದ್ದ ಜೊತೆಯ ಕೆಲಸಗಾರ ಬಾಳುವಿನ ಟವೆಲ್ಲು ಸಿಕ್ಕಿಕೊಂಡಿತು. ಧೂಳಿಗೆ ಮೂಗು ಕಟ್ಟಿಕೊಳ್ಳಲು ಕೊರಳಲ್ಲಿ ಹಾಕಿದ್ದ ಟವೆಲ್ಲು. ಡೆಪೋದವರು ಮಾಸ್ಕ್ ಕೊಡುತ್ತಿರಲಿಲ್ಲ. ಬಿಡಿಸಿಕೊಳ್ಳಲು ಹೋದ ಬಲಗೈ ಒಳಗೆ ಹೋಯಿತು. ಅವನು ಕೂಗಿದ್ದು ಆ ಸದ್ದಿನಲ್ಲಿ ಗುರಮ್ಮನಿಗೆ ಕೇಳಲಿಲ್ಲ. ಬಾಯಿ ತೆರೆದದ್ದು ಕಂಡಿತು. ಎಡಗೈಯಿಂದ ಅವನು ಹಗ್ಗ ಜಗ್ಗುತ್ತಿದ್ದದ್ದೂ ಕಂಡಿತು. ಬೆಲ್ಟು ಓಡುತ್ತಲೇ ಇತ್ತು. ಅವಳು ನಡುಗಂಬದ ಮೇಲುಬದಿಯಲ್ಲಿದ್ದಳು. ಪೊರಕೆ ಎಸೆದು ತನ್ನ ಕಡೆಯ ಹಗ್ಗವನ್ನು ಎಳೆದಳು. ಬೆಲ್ಟು ನಿಂತಿತು.

ಅವಳಿಗೆ ಅದೇ ಕ್ಷಣ ತಿಳಿಯಿತು: ಹಗ್ಗ ಸಿಕ್ಕಿಕೊಂಡದ್ದು ನಡುಗಂಬದಲ್ಲಿ, ತನ್ನ ಕಂಕಣದಲ್ಲಿ.

ಬಾಳುವನ್ನು ಜೀಪಿನಲ್ಲಿ ಉಮರ್ಗಾದ ಆಸ್ಪತ್ರೆಗೆ ಒಯ್ದರು. ಜನರೆಲ್ಲ ಗೇಟಿನ ಕಡೆ ಓಡಿದಾಗ ಗುರಮ್ಮ ನಡುಗಂಬದ ಹತ್ತಿರ ಹೋಗಿ ಕಂಕಣಕ್ಕೆ ಕೈಹಾಕಿದಳು. ಬಿಚ್ಚಲು ಬರಲಿಲ್ಲ. ಸಲಿಕೆಯ ಅಂಚಿನಿಂದ ಕುಟ್ಟಿದಾಗ ಒಣ ಮಣ್ಣಿನಂತೆ ಒಡೆದು ಕೈಗೆ ಬಂತು. ಇನ್ನೊಬ್ಬರಿಗೆ ಹೀಗಾಗಬಾರದೆಂದು ತೆಗೆದಳೋ, ಯಾರೂ ನೋಡಬಾರದೆಂದು ತೆಗೆದಳೋ, ಅವಳಿಗೇ ಹೇಳಲಾಗದು. ಎಲೆಯಡಿಕೆಯ ಸಂಚಿಯೊಳಗೆ ಹಾಕಿಕೊಂಡಳು.

ಬಾಳುವಿನ ಮೂರು ಬೆರಳು ಹೋಗಿದ್ದವು. ನಾಲ್ಕನೆಯ ದಿನ ನೋಡಲು ಹೋದಾಗ ಅವನು ಹಾಸಿಗೆಯ ಮೇಲೆ ಎಡಗೈಯನ್ನೇ ನೋಡುತ್ತ ಕೂತಿದ್ದ. ಹೆಂಡತಿ ಕಾಜಲ ಕಿತ್ತಳೆ ಸುಲಿಯುತ್ತಿದ್ದಳು.

"ಅಕ್ಕಾ, ಕೈಲಾಸ ಬಂದಿದ್ದ," ಎಂದ ಬಾಳು. "ನೀ ಹಗ್ಗ ಜಗ್ಗೇ ಇಲ್ಲ ಅಂದ ನನಗ. ನಾ ಜಗ್ಗೀನಿ ಅಂತ ನೆಪ್ಪದ ನನಗ. ಆದ್ರ ಎಡಗೈ ಹೌದಿಲ್ಲೋ. ಜೀವ ಇರ್ಲಿಲ್ಲೇನೋ ಕೈಯಾಗ."

"ದಿನಾ ಇದಾ ಮಾತ್ ನೋಡಕ್ಕಾ," ಎಂದಳು ಕಾಜಲ. "ಬಲಗೈ ಹೋಯ್ತು ಅಂತ ಅಳಲ್ಲ, ಎಡಗೈಗಿ ಬೈಕೋತ ಕುಂತಾನ. ಏಯ್, ಇರೋ ಕೈಗರ ಮರ್ಯಾದಿ ಕೊಡು."

ಬಾಳು ನಕ್ಕಂತೆ ಮಾಡಿದ. ಗುರಮ್ಮನ ಸೊಂಟದಲ್ಲಿ ಸಂಚಿ ಭಾರವಾಗಿತ್ತು. ಕಾಜಲ ಕೊಟ್ಟ ಕಿತ್ತಳೆಯ ತೊಳೆ ಬಾಯಲ್ಲಿಟ್ಟುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದಳು.

ತನಿಖೆಗೆ ಅಧಿಕಾರಿ ಬರುವ ದಿನ ಗೊತ್ತಾಯಿತು. ಬಾಳು ಹಗ್ಗ ಜಗ್ಗಲಿಲ್ಲ ಎಂದಾದರೆ ತಪ್ಪು ಅವನದು. ಮತ್ತೆ ಒಳಗೆ ಬಿಡುವುದಿಲ್ಲ, ಕೈಗೆ ಪರಿಹಾರವೂ ಇಲ್ಲ. ಜಗ್ಗಿದ ಎಂದರೆ ಹಗ್ಗ ಯಾಕೆ ಕೆಲಸ ಮಾಡಲಿಲ್ಲ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಅವಳ ಸಂಚಿಯಲ್ಲಿತ್ತು.

ಹಿಂದಿನ ದಿನ ಬೆಳಿಗ್ಗೆ ಕುರಿ ಬಿಡುತ್ತಿದ್ದ ಬಕ್ಕಪ್ಪನ ಮುಂದೆ ಅದನ್ನು ತೆಗೆದಿಟ್ಟಳು.

"ತಾನಾ ಬಿತ್ತೋ, ನೀ ಹರದಿಯೋ?"

"ಕುಟ್ಟಿ ತೆಗ್ದೀನಿ."

ಬಕ್ಕಪ್ಪ ಅದನ್ನು ಮುಟ್ಟಲಿಲ್ಲ. "ನೌಕರಿ ಹೋಗ್ತದ."

"ಹೂಂ."

"ಹೋದ್ರ ಈ ಒಂಬತ್ತ ಕುರಿಗಿ ಇಬ್ರು ಮಾಲಕರು ಆಗ್ತೀವಿ ನೋಡು. ನಾಲ್ಕೂವರಿ ನಿಂದು, ನಾಲ್ಕೂವರಿ ನಂದು."

"ಅರ್ಧ ಕುರಿ ಯಾವ ಕಡಿಂದು ಕೊಡ್ತಿ?"

"ಬಾಯಿ ಇರೋ ಕಡಿಂದು ನಿನಗಾ ಇರ್ಲಿ," ಎಂದು ಬಕ್ಕಪ್ಪ ಕೋಲು ಹಿಡಿದು ಹೊರಟ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದ.

ಮರುದಿನ ಗೋದಾಮಿನಿಂದ ಹೆಲ್ಮೆಟ್ಟಿನ ಚೀಲ ಹೊರಬಂತು. "ಪ್ಲಾಸ್ಟಿಕ್ ತೆಗೀರೋ," ಎಂದು ಕೈಲಾಸ ಕೂಗಾಡಿದ, "ಮದುಮಗನ ಬಾಸಿಂಗ ಕಂಡಂಗ ಕಾಣ್ಲಾಕತ್ತದ." ಎಲ್ಲರಿಗೂ ಮಾಸ್ಕ್ ಸಿಕ್ಕಿತು. ಗುರಮ್ಮನ ತಲೆಗೆ ಹೆಲ್ಮೆಟ್ಟು ದೊಡ್ಡದಾಗಿ ಕಣ್ಣಿನವರೆಗೆ ಇಳಿಯಿತು.

ತನಿಖೆಗೆ ಬಂದವಳು ಮನಿಷಾ ಎಂಬ ಹೆಣ್ಣುಮಗಳು. ಉದಗೀರದವಳು, ಕನ್ನಡ ತಿಳಿಯುತ್ತದೆ, ಆಡುವುದು ಮರಾಠಿ. ಮುಖದಲ್ಲಿ ನಿದ್ದೆಗೆಟ್ಟ ಕಳೆ. ಅವತ್ತು ಇನ್ನೂ ಎರಡು ಕಡೆ ಹೋಗಬೇಕಿತ್ತಂತೆ. ರಜಿಸ್ಟರ್ ತೆಗೆದು ಗುರಮ್ಮನ "ಠೀಕ್"ಗಳನ್ನು ಒಂದೊಂದಾಗಿ ನೋಡಿದಳು. ಕೆಳತುದಿಗೆ ಹೋಗಿ ಹಗ್ಗ ಜಗ್ಗಿಸಿದಳು. ಬೆಲ್ಟು ತಟ್ಟನೆ ನಿಂತಿತು. ಬಿಗಿದಿದ್ದ ಕೈಲಾಸನ ಭುಜ ಸಡಿಲಾಯಿತು.

ಮನಿಷಾ ಆಫೀಸಿನಲ್ಲಿ ಕೂತು ಬರೆದಳು. ಹಗ್ಗ ಸರಿಯಾಗಿದೆ. ಪ್ರತಿವಾರ ಪರೀಕ್ಷೆಯಾಗಿದೆ. ಕೊರಳಲ್ಲಿ ಟವೆಲ್ ಹಾಕಬಾರದೆಂಬ ನಿಯಮ ಮೀರಲಾಗಿದೆ. ಕೆಲಸಗಾರನು ಹಗ್ಗ ಜಗ್ಗಿದ್ದಕ್ಕೆ ಸಾಕ್ಷಿ ಇಲ್ಲ. ಓದಿ ಹೇಳಿ, ಪೆನ್ನನ್ನು ಗುರಮ್ಮನ ಕಡೆ ಸರಿಸಿದಳು. "ಸಹೀ ಕರಾ, ಮಾವಶಿ."

ಗುರಮ್ಮ ಪೆನ್ನು ತೆಗೆದುಕೊಳ್ಳಲಿಲ್ಲ. ಹೆಲ್ಮೆಟ್ಟನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಸಂಚಿ ಬಿಚ್ಚಿದಳು. ಅಡಿಕೆಯ ಚೂರುಗಳ ನಡುವಿನಿಂದ ಕಂಕಣದ ತುಂಡುಗಳನ್ನು ಹುಡುಕಿ ಹುಡುಕಿ ಮೇಜಿನ ಮೇಲಿಟ್ಟಳು.

"ಬಾಳು ಜಗ್ಗಿದ್ದ ಮೇಡಂ. ನಾ ನೋಡೀನಿ. ಇದು ಕಟ್ಟಿತ್ತು ಹಗ್ಗಕ್ಕ, ನಡುಕಂಬಕ್ಕ. ಕಟ್ಟಿದಾಕಿ ನಾನಾ. ತೆಗೆದಾಕಿನೂ ನಾನಾ. ಮೊದಲ ಶನಿವಾರ ಬಿಟ್ರ ಮುಂದ ಯಾವತ್ತೂ ಜಗ್ಗಿಲ್ಲ." ಸಂಚಿಯ ಬಾಯಿ ಕಟ್ಟಿದಳು. "ನನ್ನ ಪಾಳಿ ಇತ್ತು."

ಕೈಲಾಸ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

ಮನಿಷಾ ಎದ್ದಳು. "ಚಲಾ, ದಾಖವಾ," ತೋರಿಸು ನಡೆ ಎಂದಳು. ಬೆಲ್ಟನ್ನು ಮತ್ತೆ ಓಡಿಸುವ ಹೊತ್ತಿಗೆ ಮುಕ್ಕಾಲು ತಾಸಾಯಿತು. ಗುರಮ್ಮ ಒಂದು ಸುತಳಿಯಿಂದ ನಡುಗಂಬದ ಬಳೆಗೆ ಹಗ್ಗವನ್ನು ಕಟ್ಟಿದಳು, ಅಂದು ಕಟ್ಟಿದ ಹಾಗೆಯೇ, ಏಳು ಸುತ್ತು. ಮನಿಷಾ ಕೆಳತುದಿಯಲ್ಲಿ ನಿಂತು ಜಗ್ಗಿದಳು. ಬೆಲ್ಟು ಓಡಿತು. ಪರ್ಸನ್ನು ಕೈಲಾಸನ ಕೈಗೆ ಕೊಟ್ಟು, ಎರಡೂ ಕೈಯಲ್ಲಿ ಹಿಡಿದು, ಕಾಲು ಊರಿ ಜಗ್ಗಿದಳು. ಬೆಲ್ಟು ಓಡುತ್ತಲೇ ಇತ್ತು. ಅವಳ ಅಂಗೈ ಕಪ್ಪಾಯಿತು. ಅದನ್ನು ಒಂದು ಗಳಿಗೆ ನೋಡಿಕೊಂಡು ಒಳಗೆ ಹೋಗಿ, ಬರೆದ ಕಾಗದ ಹರಿದು, ಇನ್ನೊಂದು ತೆಗೆದಳು.

ಹೊಸ ಕಾಗದದಲ್ಲಿ ಬಾಳುವಿನ ತಪ್ಪು ಟವೆಲ್ಲಿನಷ್ಟಕ್ಕೇ ನಿಂತಿತು. ಮಾಸ್ಕ್ ಕೊಟ್ಟಿರಲಿಲ್ಲವೆಂಬುದೂ ಅದರ ಪಕ್ಕದಲ್ಲೇ ಬಂತು. ಸುಳ್ಳು ರಜಿಸ್ಟರ್ ಬರೆದವರ ಹೆಸರಲ್ಲಿ ಗುರಮ್ಮ, ಬರೆಸಿದವರ ಹೆಸರಲ್ಲಿ ಕೈಲಾಸ. ರೋಲರಿಗೆ ಕೈ ಸಿಗದಂತೆ ಕಬ್ಬಿಣದ ಜಾಲರಿ ಹಾಕುವವರೆಗೆ ಬೆಲ್ಟು ಬಂದ್. ಈ ಸಲ ಗುರಮ್ಮ ಸಹಿ ಮಾಡಿದಳು.

ಗೇಟಿನವರೆಗೆ ಕೈಲಾಸ ಹಿಂದೆಯೇ ಬಂದ. "ಕಾಕೂ, ನನಗೂ ಎರಡು ಹುಡುಗ್ರವ."

"ಗೊತ್ತದಪ್ಪಾ."

"ನಿನಗ ಸೋಮವಾರದಿಂದ ಬರಬ್ಯಾಡ ಅಂದಾರ ಮಾಲಕರು."

"ಅದೂ ಗೊತ್ತದ."

ಅವನು ಬೈಯುವವನಿದ್ದ. ಬೈಯಲಿಲ್ಲ. ಬೀಡಿ ಹಚ್ಚಲು ಹೋದ. ಕಡ್ಡಿ ಎರಡು ಸಲ ಆರಿತು.

ಹನ್ನೆರಡು ದಿನದ ಮೇಲೆ ತುರೋರಿಯ ಆಟೋ ಸ್ಟ್ಯಾಂಡಿನಲ್ಲಿ ಬಾಳು ಸಿಕ್ಕ. ಕೈಗೆ ಬಿಳಿ ಪಟ್ಟಿ. ಅವನಿಗೆ ಎಲ್ಲ ತಿಳಿದಿತ್ತು. ಗುರಮ್ಮ ಅವನ ಮುಂದೆ ನಿಂತಳು. ಕ್ಷಮಿಸು ಎನ್ನುವ ಮಾತು ಅವಳ ಕನ್ನಡದಲ್ಲಿ ಇರಲಿಲ್ಲ.

"ನೀ ಕಟ್ಟಿದ್ದೇನಕ್ಕಾ?"

"ನಾನಾ ಕಟ್ಟಿದ್ದೆ."

ಒಂದು ಲಾರಿ ಹೋಯಿತು. ಅದರ ಧೂಳು ಇಳಿಯುವವರೆಗೆ ಇಬ್ಬರೂ ಸೆರಗು, ಟವೆಲ್ಲು ಮೂಗಿಗೆ ಹಿಡಿದುಕೊಂಡರು. ಬಾಳುವಿನ ಮುಖ ಬಿಗಿದಿತ್ತು. ಅವನು ಬೈದರೆ ಕೇಳಬೇಕೆಂದು ಅವಳು ಸಿದ್ಧಳಾಗಿದ್ದಳು. ಅವನು ಕೇಳಿದ್ದು ಬೇರೆ.

"ಆ ಮೇಡಂ ಜಗ್ಗಿದಳಂತ?"

"ಎರಡೂ ಕೈಲೆ. ಕಾಲೂರಿ."

"ಬೆಲ್ಟ್ ನಿಂದರಲಿಲ್ಲ?"

"ನಿಂದರಲಿಲ್ಲ."

ಬಾಳು ತನ್ನ ಎಡಗೈಯನ್ನು ಒಮ್ಮೆ ಮುಚ್ಚಿ ತೆರೆದ. ಮತ್ತೆ ಮುಚ್ಚಿದ. ದಾಳಿಂಬದ ಆಟೋ ಬಂತು. ಗುರಮ್ಮ ಹತ್ತಿ ಕೂತಳು. ಅವಳ ಸೀರೆ ಇಂದು ತೊಳೆದದ್ದು; ಪಕ್ಕದಲ್ಲಿ ಮೂವರು ಒತ್ತಿ ಕೂತರು, ಕಾಲು ಚಾಚಲು ಜಾಗ ಉಳಿಯಲಿಲ್ಲ.