ಗುಲಾಬಿ ಶರಬತ್ತಿನ ಗ್ಲಾಸು

ನನ್ನ ಗಂಡ ಧರ್ಣಪ್ಪ ಮರ ಕುಯ್ಯುತ್ತಿದ್ದರು. ವಾಮದಪದವಿನ ಸುತ್ತ ಆ ಕಾಲದಲ್ಲಿ ಎದ್ದ ಎಷ್ಟೋ ಮನೆಗಳ ಮಾಡಿನ ಪಕ್ಕಾಸು ಅವರ ಗರಗಸದಿಂದ ಬಂದದ್ದು. ದಿಮ್ಮಿಯನ್ನು ಗುಂಡಿಯ ಮೇಲೆ ಅಡ್ಡ ಹಾಕಿ, ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ಎಳೆಯುವ ಗರಗಸ. ಮೇಲೆ ಜೊತೆಗಾರ ಹುಕ್ರಪ್ಪ, ಕೆಳಗೆ ಇವರು. ಕೆಳಗೆ ನಿಂತವನ ಕಣ್ಣು ಮೂಗೆಲ್ಲ ಮರದ ಹುಡಿ. ಆದ್ದರಿಂದ ಇವರು ಕೆಮ್ಮಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಊರಿನಲ್ಲಿ ಇವರಿಗೆ ಉಳಿದ ಹೆಸರು ಗ್ಲಾಸು ಕಳ್ಳ ಎಂದು. ಮಗಳ ಅತ್ತೆ ಅಮ್ಮಣ್ಣಿಯವರು ಹೋದ ವರ್ಷ ತೀರಿಕೊಂಡರು. ಇನ್ನು ಬರೆದರೆ ಯಾರ ಸಂಸಾರವೂ ಕೆಡುವುದಿಲ್ಲ.

ಮಗಳು ಕಾಂತಿಗೆ ಸಂಬಂಧ ನೋಡುತ್ತಿದ್ದಾಗಲೇ ಇವರ ಕೆಮ್ಮಿನಲ್ಲಿ ರಕ್ತ ಬಂತು. ಮಂಗಳೂರಿಗೆ ಹೋಗಿ ಎದೆಯ ಫೋಟೋ ತೆಗೆಸಿದೆವು. ಡಾಕ್ಟರು ಕ್ಷಯ ಎಂದರು. ಸೂಜಿ ಹಾಕಿಸಿಕೊಳ್ಳಬೇಕು, ಬಟ್ಟಲು ಲೋಟ ಬೇರೆ ಇಡಬೇಕು, ಇವರು ಬಾಯಿ ಇಟ್ಟದ್ದಕ್ಕೆ ಇನ್ನೊಬ್ಬರು ಬಾಯಿ ಇಡಬಾರದು ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ಇವರು ನನಗೆ ಹೇಳಿದ್ದು ಇಷ್ಟೇ: "ಕಾಂತಿಗೆ ಗೊತ್ತಾಗುವುದು ಬೇಡ. ಯಾರಿಗೂ ಬೇಡ."

ಆಗ ಕ್ಷಯ ಇದ್ದ ಮನೆಯ ಹೆಣ್ಣನ್ನು ಯಾರೂ ತರುತ್ತಿರಲಿಲ್ಲ. ತಂದಿದ್ದರೂ ತಿರುಗಿ ಕಳುಹಿಸುತ್ತಿದ್ದರು. ಬೆಳ್ತಂಗಡಿಯ ಕಡೆ ನನ್ನ ದೊಡ್ಡಮ್ಮನ ಮಗಳೊಬ್ಬಳು ಹಾಗೆ ತವರಿಗೆ ಬಂದು ಕುಳಿತವಳು ಕುಳಿತೇ ಇದ್ದಳು. ಸೂಜಿಗೆ ಹೋಗುವಾಗ ಒಮ್ಮೆ ಆಸ್ಪತ್ರೆಯ ಗೇಟಿನಲ್ಲಿ ನಮ್ಮೂರಿನವರು ಯಾರೋ ಇವರನ್ನು ಕಂಡು ಮಾತಾಡಿಸಿದರು. ಆಮೇಲೆ ಇವರು ಮಂಗಳೂರಿಗೆ ಹೋಗಲಿಲ್ಲ. ನಾನು ಅತ್ತು ಹೇಳಿದರೂ ಹೋಗಲಿಲ್ಲ. ಮದುವೆ ಆಗಲಿ, ಮತ್ತೆ ನೋಡುವ ಎಂದರು.

ಅಡಗಿಸಿ ಇಡುವುದು ಕಷ್ಟವಾಗಲಿಲ್ಲ. ನಮ್ಮಲ್ಲಿ ನೀರನ್ನು ಕಚ್ಚಿ ಕುಡಿಯುವ ಕ್ರಮವಿಲ್ಲ. ಗಿಂಡಿಯನ್ನು ಎತ್ತಿ ಬಾಯಿಗೆ ಹೊಯ್ದುಕೊಳ್ಳುತ್ತೇವೆ. ಗುಂಡಿಯ ಹತ್ತಿರ ಹುಕ್ರಪ್ಪನೂ ಇವರೂ ಒಂದೇ ಗಿಂಡಿಯಿಂದ ಕುಡಿಯುತ್ತಿದ್ದರು, ತುಟಿ ತಾಗಿಸಿದವರಿಲ್ಲ. ಮನೆಯಲ್ಲಿ ಗಂಜಿ ತಿಳಿಗೆ ಒಂದು ತೆಂಗಿನ ಗೆರಟೆ ಇಟ್ಟುಕೊಂಡರು. ಕಾಂತಿ ನಗಾಡಿದರೆ, ಗೆರಟೆಯಲ್ಲಿ ಕುಡಿದರೆ ಉಷ್ಣವಾಗುವುದಿಲ್ಲ ಎಂದು ಸುಳ್ಳು ಹೇಳಿದರು.

ಮೂಡಬಿದ್ರೆಯ ಸಂಬಂಧ ಕೂಡಿ ಬಂತು. ಹುಡುಗ ಭೋಜ ಜವಳಿ ಅಂಗಡಿಯಲ್ಲಿದ್ದ. ತಂದೆ ಇಲ್ಲ, ತಾಯಿ ಅಮ್ಮಣ್ಣಿ. ಮನೆಯ ಯಜಮಾನಿಕೆ ಸೋದರಮಾವ ಕಮಲಾಕ್ಷರದ್ದು. ಅವರು ಬೊಂಬಾಯಿಯ ಹೋಟೆಲಿನಲ್ಲಿ ಇದ್ದವರು. ಮದುವೆ ಹಳೇ ಕ್ರಮದಲ್ಲಿ ಆಗಲಿ, ಆದರೆ ಸಂಜೆಗೆ ಮೂಡಬಿದ್ರೆಯಲ್ಲಿ ಟೀ ಪಾರ್ಟಿ ಆಗಬೇಕು ಎಂದರು. ಬೊಂಬಾಯಿಯಲ್ಲಿ ಎಲ್ಲವೂ ಒಂದೇ ಬಣ್ಣದಲ್ಲಿ ಮಾಡುತ್ತಾರಂತೆ. ಇಲ್ಲಿಯೂ ಎಲ್ಲವೂ ಗುಲಾಬಿ. ಕಾಗದದ ಮಾಲೆ ಗುಲಾಬಿ, ಮದುಮಗಳ ಸೀರೆ ಗುಲಾಬಿ, ಶರಬತ್ತು ಗುಲಾಬಿ. ಕುಡಿಯಲು ಕೊಡುವ ಏರ್ಪಾಡು ಹೆಣ್ಣಿನ ಕಡೆಯದ್ದು ಎಂದು ಮಾತಾಯಿತು.

ಮದುವೆಗೆ ಮೊದಲು ಬಿ.ಸಿ.ರೋಡಿನ ಅಬ್ದುಲ್ ನಾಸಿರ್ ಅವರ ಅಂಗಡಿಗೆ ಹೋದೆವು. ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಅದು. ಕಮಲಾಕ್ಷರೂ ಬಂದರು. ನಾಸಿರ್ ಹಲಗೆಯ ಮೇಲೆ ಗ್ಲಾಸುಗಳನ್ನು ಸಾಲಾಗಿ ಇಟ್ಟರು. ದಪ್ಪ ಬುಡದ್ದು, ಗೀರು ಕೊರೆದದ್ದು, ಕಾಲಿನ ಮೇಲೆ ನಿಲ್ಲುವ ತೆಳ್ಳಗಿನದ್ದು. ಇವರು ಒಂದನ್ನೂ ಮುಟ್ಟಲಿಲ್ಲ.

"ಬೊಂಡ ಕೊಡುವ," ಎಂದರು. "ನಮ್ಮ ತೆಂಗಿನ ಮರದಲ್ಲೇ ಉಂಟು. ಕೆತ್ತಿ ಕೊಟ್ಟರೆ ಕುಡಿದು ಬಿಸಾಡಿದರಾಯಿತು."

ಕಮಲಾಕ್ಷ ನಕ್ಕರು. "ಬೊಂಡ ಕುಡಿಯಲಿಕ್ಕೆ ಟೀ ಪಾರ್ಟಿ ಯಾಕೆ ಮಾರಾಯ್ರೆ? ತೋಟದಲ್ಲಿ ನಿಂತರೆ ಸಾಕಲ್ಲ."

ಹಾಗಾದರೆ ಗಿಂಡಿ ಎಂದರು ಇವರು. ಎಲ್ಲರಿಗೂ ಅಭ್ಯಾಸ ಉಂಟು, ಎತ್ತಿ ಕುಡಿಯುತ್ತಾರೆ. ಗಿಂಡಿಯಲ್ಲಿ ಶರಬತ್ತಿನ ಬಣ್ಣ ಕಾಣುವುದು ಹೇಗೆ, ಹೆಂಗಸರ ಪಟ್ಟೆಸೀರೆಗೆ ಚೆಲ್ಲಿದರೆ ಯಾರು ತೊಳೆಯುವುದು ಎಂದು ಕಮಲಾಕ್ಷ ಕೇಳಿದರು. ಬಾಳೆ ಎಲೆಯ ದೊನ್ನೆ ಎಂದಾಗ ಅವರ ಮುಖ ಬಿಗಿಯಿತು. ಹುಡುಗನ ಕಡೆಯವರಿಗೆ ಎಲೆಯಲ್ಲಿ ಕೊಡುವಷ್ಟು ನಾವು ಸಸಾರವೋ ಎಂದರು. ಕೈಯಿಂದ ಬಿಡದ ಜಿಪುಣ ಎಂದುಕೊಂಡರು ಎಂದು ನನಗೆ ತಿಳಿಯಿತು. ಇವರಿಗೂ ತಿಳಿಯಿತು.

ಕೊನೆಗೆ ಇವರು ನಾಸಿರ್ ಅವರನ್ನು ಕೇಳಿದರು, ಕುಡಿದ ಗ್ಲಾಸನ್ನು ಹೇಗೆ ತೊಳೆಯುತ್ತಾರೆ ಎಂದು.

"ಒಂದು ಬಾಲ್ದಿ ನೀರು ಇಟ್ಟುಕೊಂಡರೆ ಸಾಕು. ಮುಳುಗಿಸಿ ತೆಗೆದು ಪುನಃ ತುಂಬಿಸುವುದು. ಇಷ್ಟು ಜನಕ್ಕೆ ಇಷ್ಟು ಗ್ಲಾಸು ಎಲ್ಲಿ ಉಂಟು?"

ಕಮಲಾಕ್ಷ ಕಾಲಿನ ಗ್ಲಾಸು ಆರಿಸಿದರು. ದಾರಿಯಲ್ಲಿ ಇವರು ನನಗೆ, ನಾನು ಕುಡಿಯುವುದೇ ಇಲ್ಲ, ಹರಕೆ ಉಂಟು ಎಂದು ಹೇಳುತ್ತೇನೆ ಎಂದರು.

ಮದುವೆ ಚಂದವಾಗಿಯೇ ಆಯಿತು. ಸಂಜೆ ಮೂಡಬಿದ್ರೆಯಲ್ಲಿ ಕಾಗದದ ಮಾಲೆಯ ಕೆಳಗೆ ಕುರ್ಚಿ ಇಟ್ಟಿದ್ದರು. ನಮ್ಮ ಕಡೆಯ ಮುದುಕರು ಗ್ಲಾಸನ್ನು ಎತ್ತಿ ಕುಡಿಯಲು ಹೋಗಿ ಅಂಗಿಗೆ ಚೆಲ್ಲಿಕೊಂಡರು, ಹುಡುಗನ ಕಡೆಯವರು ನಕ್ಕರು. ಬಾಲ್ದಿಯ ನೀರು ಬೇಗನೆ ಗುಲಾಬಿಯಾಯಿತು. ಇವರು ದೂರ ಕಂಬದ ಹತ್ತಿರ ಶಾಲು ಹೊದ್ದು ನಿಂತಿದ್ದರು.

ಆಗ ಫೋಟೋದವನು ಬಂದ. ಕಮಲಾಕ್ಷ ಇವರ ಕೈ ಹಿಡಿದು ಎಳೆದುಕೊಂಡು ಹೋಗಿ ಮದುಮಕ್ಕಳ ಪಕ್ಕ ನಿಲ್ಲಿಸಿದರು. ಬೀಗರು ಒಟ್ಟಿಗೆ ಕುಡಿಯುವ ಫೋಟೋ ಆಗಬೇಕಂತೆ. ಇವರು ಹರಕೆ ಎಂದರು. ಅಮ್ಮಣ್ಣಿಯವರು ಮೆಲ್ಲನೆ ಕೇಳಿದರು: "ನಮ್ಮ ಕೈಯಿಂದ ಒಂದು ಗುಟುಕು ಆಗುವುದಿಲ್ಲವಾ ಧರ್ಣಪ್ಪಣ್ಣ? ಮನಸ್ಸಿನಲ್ಲಿ ಏನಾದರೂ ಉಂಟಾ?"

ಕಾಂತಿ ತಲೆ ತಗ್ಗಿಸಿದ್ದಳು. ಇವರು ಗ್ಲಾಸು ತೆಗೆದುಕೊಂಡು ಕುಡಿದರು. ಕಾಲಿನ ಗ್ಲಾಸು ಅದು, ಕಚ್ಚಿಯೇ ಕುಡಿಯಬೇಕು.

ಹರಿವಾಣ ಹಿಡಿದವನು ಬಂದಾಗ ಇವರು ಗ್ಲಾಸು ಇಡಲಿಲ್ಲ. ಇನ್ನೂ ಉಂಟು ಎಂದರು. ಅವನು ಇನ್ನೊಮ್ಮೆ ಬಂದ, ಆಗಲೂ ಕೊಡಲಿಲ್ಲ. ಕೊಟ್ಟರೆ ಅದು ಬಾಲ್ದಿಗೆ ಹೋಗಬೇಕು, ಬಾಲ್ದಿಯಿಂದ ಯಾವುದಾದರೂ ಮಗುವಿನ ಬಾಯಿಗೆ. ಕೈ ಜಾರಿದ ಹಾಗೆ ಮಾಡಿ ಒಡೆಯಬಹುದಿತ್ತು. ಮದುವೆಯ ದಿನ, ಮಗಳ ಎದುರು, ಗಾಜು ಒಡೆಯುವ ತಂದೆ ಯಾರು? ಅಶುಭ ಎಂದು ಅದನ್ನೂ ಅವಳ ತಲೆಗೇ ಕಟ್ಟುತ್ತಿದ್ದರು. ಇವರು ಗ್ಲಾಸನ್ನು ಶಾಲಿನ ಒಳಗೆ ಇಟ್ಟುಕೊಂಡರು. ನಾನು ನೋಡಿದೆ. ಕಮಲಾಕ್ಷರೂ ನೋಡಿದರು.

ಅವರು ಹತ್ತಿರ ಬಂದು ಶಾಲಿನ ತುದಿ ಎತ್ತಿದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ದೊನ್ನೆ ಸಾಕು ಎಂದವರು ಇವರೇ. ಈಗ ಗ್ಲಾಸು ಶಾಲಿನಲ್ಲಿ ಉಂಟು. ಮನೆಯಲ್ಲಿ ಇಲ್ಲದಿದ್ದರೆ ಹೇಳಬಾರದಾ ಧರ್ಣಪ್ಪಣ್ಣ?"

ಇವರು ಕಾಂತಿಯನ್ನು ನೋಡಿದರು, ಅಮ್ಮಣ್ಣಿಯವರನ್ನು ನೋಡಿದರು.

"ಚಂದ ಕಂಡಿತು," ಎಂದರು. "ಆಸೆಯಾಯಿತು. ಇಟ್ಟುಕೊಂಡೆ."

ಯಾರೋ ನಕ್ಕರು. ಆಸೆಯಾದರೆ ಇಟ್ಟುಕೊಳ್ಳಲಿ ಬಿಡಿ ಎಂದು ಕಮಲಾಕ್ಷ ಕೈ ಬೀಸಿದರು. ಭೋಜ ನೆಲ ನೋಡುತ್ತಾ ನಿಂತ. ಕಾಂತಿಯ ಮುಖ ಹೇಗಾಯಿತು ಎಂದು ನಾನು ಬರೆಯುವುದಿಲ್ಲ.

ಮರುದಿನ ಇವರು ಆ ಗ್ಲಾಸನ್ನು ಮರ ಕುಯ್ಯುವ ಗುಂಡಿಯ ಆಚೆ ಹೂಳಿ ಬಂದರು. ನಾಸಿರ್ ಅವರಿಗೆ ಅದರ ಬೆಲೆ ಕೊಟ್ಟರು. ಬೆಲೆ ಕೊಟ್ಟದ್ದನ್ನು ಮೂಡಬಿದ್ರೆಯವರಿಗೆ ಯಾರೂ ಹೇಳಲಿಲ್ಲ. ಗ್ಲಾಸು ಕಳ್ಳ ಎನ್ನುವ ಹೆಸರು ಮಾತ್ರ ನಮಗಿಂತ ಮೊದಲು ಊರಿಗೆ ತಲುಪಿತ್ತು. ಹುಕ್ರಪ್ಪ ಕೂಡ ಒಮ್ಮೆ ಕೇಳಿದ, ಹೌದಾ ಎಂದು. ಇವರು ಗರಗಸ ಹಿಡಿದು ಗುಂಡಿಗೆ ಇಳಿದರು.

ಮದುವೆಯಾದ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಹೆಣ್ಣು ತವರಿಗೆ ಬಂದು ಕುಳಿತುಕೊಳ್ಳುವುದು ನಮ್ಮ ಕಡೆಯ ಕ್ರಮ. ಆ ಹೊತ್ತಿಗೆ ಇವರು ಹಾಸಿಗೆ ಹಿಡಿದಿದ್ದರು. ಕಳ್ಳನ ಮನೆಗೆ ಸೊಸೆಯನ್ನು ಕಳುಹಿಸುವುದಿಲ್ಲ ಎಂದು ಅಮ್ಮಣ್ಣಿಯವರಿಂದ ಮಾತು ಬಂತು. ನಾನು ಅದನ್ನು ಇವರಿಗೆ ಹೇಳಿದೆ. ಇವರು ತುಂಬಾ ಹೊತ್ತು ಕೆಮ್ಮಿದರು. ಮತ್ತೆ ಹೇಳಿದರು: "ಒಳ್ಳೆಯದೇ ಆಯಿತು. ಬಂದಿದ್ದರೆ ನನ್ನ ಹತ್ತಿರ ಕುಳಿತುಕೊಳ್ಳುತ್ತಿದ್ದಳು."

ಗೋಡೆಯ ಕಡೆ ತಿರುಗಿ ಮಲಗಿದರು. ಅವಳನ್ನು ನೋಡಬೇಕೆಂದು ಒಂದು ದಿನವೂ ಕೇಳಲಿಲ್ಲ. ಬಾಗಿಲಲ್ಲಿ ಯಾರ ಹೆಜ್ಜೆ ಕೇಳಿದರೂ ತಲೆ ಎತ್ತುತ್ತಿದ್ದರು. ಆಟಿ ಕಳೆದು ಸೋಣ ತಿಂಗಳಲ್ಲಿ ಹೋದರು. ಜ್ವರದಲ್ಲಿ ಹೋದರು ಎಂದು ನಾನು ಎಲ್ಲರಿಗೂ ಹೇಳಿದೆ. ಸುದ್ದಿ ಮುಟ್ಟಿ ಅವಳು ಬರುವುದರೊಳಗೆ ಸುಟ್ಟಾಗಿತ್ತು. ನಾನೇ ಬೇಗ ಮಾಡಿಸಿದ್ದು.

ಉತ್ತರಕ್ರಿಯೆಯ ಬೊಜ್ಜಕ್ಕೆ ಕಾಂತಿ ಅತ್ತೆಯ ಜೊತೆ ಬಂದಳು. ಬಸುರಿ. ಅಮ್ಮಣ್ಣಿಯವರು ಕೆಟ್ಟ ಹೆಂಗಸಲ್ಲ. ಊಟದ ನಂತರ ಜಗಲಿಯಲ್ಲಿ ಕುಳಿತು, ಆದದ್ದು ಆಯಿತು ಪೂವಮ್ಮ, ಇನ್ನು ನಾನು ಇವಳನ್ನು ಕಳುಹಿಸುತ್ತೇನೆ ಎಂದರು. ಕಾಂತಿ ನನ್ನ ಹಿಂದೆ ಅಡಿಗೆಮನೆಗೆ ಬಂದಳು. ಜಗಲಿಗೂ ಅಡಿಗೆಮನೆಗೂ ನಡುವೆ ಬಿದಿರಿನ ಒಂದು ತಟ್ಟಿ, ಅಷ್ಟೆ.

"ಅಮ್ಮಾ, ನನ್ನ ಹತ್ತಿರವಾದರೂ ಸತ್ಯ ಹೇಳು. ಅಪ್ಪ ಅದನ್ನು ಕದ್ದದ್ದಾ?"

ತಟ್ಟಿಯ ಆಚೆ ಅಮ್ಮಣ್ಣಿಯವರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದ್ದು ನನಗೆ ಕೇಳಿತು. ಮಗಳ ಹೊಟ್ಟೆಯನ್ನು ನೋಡಿದೆ.

"ಹೌದು," ಎಂದೆ. "ಕದ್ದದ್ದು."

ಕಾಂತಿ ಮುಖ ತೊಳೆದುಕೊಂಡು ಹೋಗಿ ಅತ್ತೆಯ ಪಕ್ಕ ಕುಳಿತಳು. ಸಂಜೆಯ ಬಸ್ಸಿಗೆ ಇಬ್ಬರೂ ಹೋದರು.